ನಾಲ್ಕು ದಾರಿ ಕೂಡುವಲ್ಲಿ ನಿಂತ ಹೆಣ್ಣುಮಗಳು

(ಸಂಸ್ಥೆಯ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)

 

ಪದವಿ ಮುಗಿಸಿದ ನಮ್ಮ ಹೆಣ್ಣುಮಕ್ಕಳನ್ನು "ಮುಂದೇನು?" ಎಂದು ಕೇಳಿದರೆ ಬಿ.ಎಡ್., ಎಂ.ಕಾಂ., ಕಂಪ್ಯೂಟರ್ ಎಂಬ ಉತ್ತರ ಬರುತ್ತದೆ. ಎಷ್ಟೋ ಮನೆಗಳಲ್ಲಿ ಮದುವೆ ಎಂಬ ಉತ್ತರ ಬರುತ್ತದೆ. ಮಹಿಳಾ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ ಎಂದು ಒಬ್ಬಳು ಹೇಳಿದರೆ, "ಹೆಣ್ಣಾಗಿ ಹುಟ್ಟಿದವಳಿಗೆ ಹೆಣ್ಣಿನ ಬಗ್ಗೆ ಓದಲು ಏನಿದೆ?" ಎಂದು ಹಿರಿಯರು ನಗುತ್ತಾರೆ. ಏನಿದೆ ಎಂಬುದನ್ನು ಹೇಳಲು ಈ ಅವಕಾಶವನ್ನು ಬಳಸಿಕೊಳ್ಳುತ್ತೇನೆ.

ಮೊದಲು ಅಮೆರಿಕದ ಒಂದು ಮೊಕದ್ದಮೆಯನ್ನು ನೋಡೋಣ. ಜನರಲ್ ಮೋಟಾರ್ಸ್ ಕಂಪನಿಯ ಮೇಲೆ ಐವರು ಕಪ್ಪು ವರ್ಣದ ಮಹಿಳೆಯರು ದಾವೆ ಹೂಡಿದ್ದರು. ಕಂಪನಿಯು 1964ಕ್ಕೆ ಮುಂಚೆ ಕಪ್ಪು ಮಹಿಳೆಯರನ್ನು ನೇಮಿಸಿಕೊಂಡಿರಲಿಲ್ಲ. ಮುಂದೆ ಕೆಲಸ ಕಡಿತ ಮಾಡಿದಾಗ, ಕೊನೆಗೆ ಬಂದವರು ಮೊದಲು ಹೊರಗೆ ಎಂಬ ನಿಯಮದಂತೆ ಅವರೇ ಮನೆಗೆ ಹೋಗಬೇಕಾಯಿತು. 1976ರಲ್ಲಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕಂಪನಿಯಲ್ಲಿ ಮಹಿಳೆಯರು ಮೊದಲಿನಿಂದಲೂ ಇದ್ದರು, ಅವರು ಬಿಳಿಯರು. ಕಪ್ಪು ಜನರೂ ಇದ್ದರು, ಅವರು ಗಂಡಸರು. ಎರಡೂ ಆಗಿದ್ದವರ ಕಷ್ಟಕ್ಕೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ ಅವರು 1989ರಲ್ಲಿ ಈ ಮೊಕದ್ದಮೆಯನ್ನು ಪರಿಶೀಲಿಸಿ, ಅನ್ಯಾಯವನ್ನು ರಸ್ತೆಗಳು ಕೂಡುವ ಜಾಗಕ್ಕೆ ಹೋಲಿಸಿದರು. ನಡುವೆ ನಿಂತವಳಿಗೆ ಯಾವ ಕಡೆಯಿಂದ ಬಂದ ವಾಹನವೂ ಬಡಿಯಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಇಂಟರ್‌ಸೆಕ್ಷನಾಲಿಟಿ ಎನ್ನುತ್ತಾರೆ. ಉರ್ದು ಬಲ್ಲ ನಮಗೆ 'ಚೌರಾಹಾ' ಎಂದರೆ ಸಾಕು, ಅರ್ಥವಾಗುತ್ತದೆ.

ನಮ್ಮ ಬೀದಿಯಲ್ಲೂ ಇಂಥ ಚೌರಾಹಾ ಇದೆ. ಉರ್ದು ಶಾಲೆಯಲ್ಲಿ ಓದಿದ ಒಬ್ಬ ಬಾಲಕಿಯನ್ನು ನೆನೆಯಿರಿ. ತಾಯಿ ಮನೆಯಲ್ಲೇ ಬೀಡಿ ಕಟ್ಟುತ್ತಾಳೆ. ಪಿಯುಸಿಗೆ ಹೋದರೆ ಪಾಠ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. ಅಣ್ಣನ ಫೀಸು ಕಟ್ಟಿದ ಮೇಲೆ ಉಳಿದರೆ ಇವಳದು. ಇವಳು ಓದು ಬಿಟ್ಟದ್ದಕ್ಕೆ ಕಾರಣ ಬಡತನವೇ, ಭಾಷೆಯೇ, ಹೆಣ್ಣೆಂಬುದೇ, ಅಲ್ಪಸಂಖ್ಯಾತಳೆಂಬುದೇ? ಒಂದನ್ನೇ ಹೆಸರಿಸಿದರೆ ಉತ್ತರ ಸುಳ್ಳಾಗುತ್ತದೆ.

ಅಂಕಿ ಅಂಶಗಳನ್ನು ಓದುವಾಗಲೂ ಈ ಎಚ್ಚರ ಬೇಕು. 2006ರ ಸಾಚಾರ್ ಸಮಿತಿ ವರದಿಯಲ್ಲಿರುವ 2001ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇ. 64.8, ಮುಸ್ಲಿಮರದು ಶೇ. 59.1. ಆದರೆ ಅದೇ ಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 66.6 ಇದ್ದರೆ, ರಾಜ್ಯದ ಮುಸ್ಲಿಮರದು ಶೇ. 70.1. ಇಲ್ಲಿ ನಮ್ಮವರಲ್ಲಿ ಪಟ್ಟಣವಾಸಿಗಳು ಹೆಚ್ಚು. ಪಟ್ಟಣದಲ್ಲಿ ಶಾಲೆ ಹತ್ತಿರ. ಹಿಂದುಳಿಯಲು ಧರ್ಮವೇ ಕಾರಣವಾಗಿದ್ದರೆ ಒಂದೇ ಧರ್ಮದವರಲ್ಲಿ ಈ ವ್ಯತ್ಯಾಸ ಏಕೆ ಬರಬೇಕು? ಹಾಗೆಂದು ನಾವು ಹಿಗ್ಗುವಂತೆಯೂ ಇಲ್ಲ. ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ 25 ಜನರಲ್ಲಿ ಒಬ್ಬರು ಮುಸ್ಲಿಮರು, ಸ್ನಾತಕೋತ್ತರ ಮಟ್ಟದಲ್ಲಿ 50ರಲ್ಲಿ ಒಬ್ಬರು ಎಂದು ಅದೇ ಸಮಿತಿ ಹೇಳಿತು. ಮೆಟ್ಟಿಲು ಏರಿದಂತೆ ನಮ್ಮವರು ಅರ್ಧಕ್ಕೆ ಇಳಿದಿದ್ದರು. ಇನ್ನೊಂದು ಮಾತು. ಬೀಡಿ ಕಟ್ಟುವ ತಾಯಿಯ ಬಗ್ಗೆ ಗಣತಿದಾರರು ಕೇಳಿದಾಗ ಮನೆಯ ಗಂಡಸರು "ಕೆಲಸ ಇಲ್ಲ, ಮನೇಲೇ ಇರ್ತಾರೆ" ಎಂದರೆ, ಅವಳ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದೂ ಒಂದು ವಿದ್ಯೆ.

ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವುದು ಈ ವಿದ್ಯೆಯನ್ನೇ. ಸಂಶೋಧನಾ ವಿಧಾನ, ಕಾನೂನು, ಕ್ಷೇತ್ರಕಾರ್ಯ, ಕಿರುಪ್ರಬಂಧ ಎಲ್ಲವೂ ಅದರಲ್ಲಿ ಸೇರಿವೆ. ಇದಕ್ಕಾಗಿ ದೆಹಲಿಗೆ ಹೋಗಬೇಕಿಲ್ಲ. ವಿಜಯಪುರದಲ್ಲಿ 2003ರಲ್ಲಿ ಆರಂಭವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಮಹಿಳಾ ಅಧ್ಯಯನಕ್ಕೇ ಒಂದು ವಿಭಾಗವಿದೆ.

"ಇಂಥ ಓದು ಮನೆ ಒಡೆಯುತ್ತದೆ" ಎಂಬ ಅಂಜಿಕೆ ಕೆಲವರಿಗಿದೆ. ಈ ಓದು ಎಲ್ಲಕ್ಕೂ ಧರ್ಮವೇ ಕಾರಣ ಎನ್ನುವವರ ಬಾಯಿ ಮುಚ್ಚಿಸುತ್ತದೆ. ನಮ್ಮಲ್ಲಿ ಏನೂ ಕೊರತೆಯಿಲ್ಲ ಎನ್ನುವವರ ಕಣ್ಣನ್ನೂ ತೆರೆಸುತ್ತದೆ. ಎರಡೂ ನಮಗೆ ಬೇಕಾದದ್ದೇ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದಾಗಲೂ ಸಮುದಾಯದ ಕೆಲವರು ಸಿಡುಕಿದರು. ಇಂದು ಅದನ್ನು ಓದಿ ಕಣ್ಣೀರಿಡುವ ತಂದೆಯರಿದ್ದಾರೆ. ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು; ಬರೆದದ್ದು ಕನ್ನಡದಲ್ಲಿ. ನಮ್ಮ ಅಡುಗೆಮನೆ, ಅಂಗಳಗಳ ಆ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ನಮ್ಮ ಬದುಕನ್ನು ನಮ್ಮವರೇ ಹೇಳಿದಾಗ ಜಗತ್ತು ಕೇಳುತ್ತದೆ. ಕಥೆಯಲ್ಲಿ ಅವರು ಮಾಡಿದ್ದನ್ನು ಅಧ್ಯಯನದಲ್ಲಿ ನಮ್ಮ ಮಕ್ಕಳು ಮಾಡಬಾರದೇಕೆ? ಇಲ್ಲವಾದರೆ ನಮ್ಮ ಬಗ್ಗೆ ಸದಾ ಬೇರೆಯವರೇ ಬರೆಯುತ್ತಾರೆ, ನಾವು ಓದಿ ಬೇಸರಪಡುತ್ತೇವೆ.

ಕೊನೆಯದಾಗಿ ಸಂಸ್ಥೆಯ ಹಿರಿಯರಲ್ಲಿ ಎರಡು ಬಿನ್ನಹ. ಅಲ್ಪಸಂಖ್ಯಾತ ಸಂಶೋಧಕರಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಆ ಬಾಗಿಲು ಮುಚ್ಚಿರುವಾಗ ನಮ್ಮ ವಿದ್ಯಾರ್ಥಿವೇತನ ಇಂಜಿನಿಯರಿಂಗ್, ಮೆಡಿಕಲ್‌ಗೆ ಮಾತ್ರ ಮೀಸಲಾಗದಿರಲಿ. ವರ್ಷಕ್ಕೆ ಒಬ್ಬಳಾದರೂ ಸಮಾಜ ವಿಜ್ಞಾನದ ಎಂ.ಎ. ವಿದ್ಯಾರ್ಥಿನಿಗೆ ಸಿಗಲಿ. ಎರಡನೆಯದಾಗಿ, ಶಾಲೆ ಬಿಟ್ಟ ಬಾಲಕಿಯರ ಒಂದು ವಹಿ ಇಡೋಣ. ಅದರಲ್ಲಿ 'ಕಾರಣ' ಎಂಬ ಒಂದೇ ಕಲಂ ಬೇಡ. ಕಲಿತ ಮಾಧ್ಯಮ, ಕಾಲೇಜಿನ ದೂರ, ತಾಯಿಯ ದುಡಿಮೆ, ಅಣ್ಣತಮ್ಮಂದಿರ ಓದು, ಎಲ್ಲಕ್ಕೂ ಒಂದೊಂದು ಕಲಂ ಇರಲಿ. ಆ ವಹಿಯನ್ನು ಓದಬಲ್ಲವಳೊಬ್ಬಳು ನಮ್ಮ ಮನೆಗಳಿಂದಲೇ ಬರಲಿ.