ಮೆಲುಕು ಹಾಕ್ತಿದೆಯಾ?

ಹಸುವಿಗೆ ಹುಷಾರಿಲ್ಲವೆಂದು ಪಶುವೈದ್ಯರನ್ನು ಕರೆಸಿದರೆ, ಅವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಮೆಲುಕು ಹಾಕ್ತಿದೆಯಾ?" ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಹೆಚ್ಚಾಗಿ ಮಲಗಿಕೊಂಡು, ಕಣ್ಣು ಅರೆಮುಚ್ಚಿ. ನೋವಾದರೆ, ಜ್ವರ ಬಂದರೆ, ಹೆದರಿದರೆ ಮೆಲುಕು ಕಡಿಮೆಯಾಗುತ್ತದೆ, ನಿಂತೂ ಹೋಗುತ್ತದೆ.

ಈ ಪ್ರಶ್ನೆ ಕೇಳಲು ಕಲಿಯುತ್ತಿರುವ ಮಕ್ಕಳು ಹೆಬ್ಬಾಳದಲ್ಲಿ, ಬೀದರಿನಲ್ಲಿ, ಹಾಸನದಲ್ಲಿ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾರೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಹಸು, ಕುದುರೆ, ನಾಯಿ, ಕೋಳಿ, ಒಂದೊಂದರ ದೇಹವೂ ಬೇರೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಪ್ರಾಕ್ಟಿಕಲ್, ರಾತ್ರಿ ಓದು. ನಡುವೆ, ಎಷ್ಟು ಮಾಡಿದರೂ ಬದುಕದ ಒಂದು ಕರು. ಅದರ ಪಕ್ಕ ನಿಂತ ರೈತನ ಮುಖ. ಆ ಮುಖದ ಬಗ್ಗೆ ಪ್ರಶ್ನೆಪತ್ರಿಕೆ ಏನೂ ಕೇಳುವುದಿಲ್ಲ. ಆದರೆ ಮರುದಿನ ಪುಸ್ತಕ ತೆರೆದಾಗ ಅಕ್ಷರಗಳ ಮೇಲೆ ಅದೇ ಕೂತಿರುತ್ತದೆ.

ಅಂಕ ಕಡಿಮೆಯಾದರೆ ನಾವು ಬೇಗ ಹೇಳಿಬಿಡುತ್ತೇವೆ, ಇನ್ನೂ ಓದಬೇಕಿತ್ತು ಎಂದು. ನುಂಗಿದ ಹುಲ್ಲು ಅರಗಲು ಹಸುವಿಗೂ ಬಿಡುವು ಬೇಕಲ್ಲವೇ? ನಿದ್ದೆಯೂ, ಗೆಳತಿಯೊಡನೆ ಒಂದು ಸಂಜೆಯ ನಡಿಗೆಯೂ ಓದಿನ ಭಾಗವೇ ಎಂದು ನನಗೆ ಅನ್ನಿಸುತ್ತದೆ. ಮನಸ್ಸಿನ ಭಾರ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲಾಗಲಿ ರಾತ್ರಿಯಾಗಲಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯ ಹುಡುಗಿ ಇಂಥದೊಂದು ಹಾಸ್ಟೆಲಿನಲ್ಲಿದ್ದರೆ, ಇವತ್ತು ಫೋನ್ ಮಾಡಿ. ಪರೀಕ್ಷೆ ಯಾವಾಗ ಎನ್ನುವ ಮೊದಲು, "ರಾತ್ರಿ ನಿದ್ದೆ ಬಂತಾ ಮಗಳೇ?" ಎಂದು ಕೇಳಿ.