ಶಾಸ್ತ್ರಜ್ಞರೂ ಊರವರೂ

(ಗದಗ ಜಿಲ್ಲೆಯ ಊರೊಂದರಲ್ಲಿ ವಿಜ್ಞಾನ ಸೇವಾ ಸಂಘದ ಪ್ರಾರಂಭದ ಕಾಲಕ್ಕೆ ಮಾಡಿದ ಭಾಷಣ)



ಈ ಸಂಘದ ಪ್ರಾರಂಭಕ್ಕೆ ನಾವೇ ನಾಲ್ಕು ಮಾತು ಆಡಬೇಕೆಂದು ಚಾಲಕರು ಹಟಹಿಡಿದಾಗ ನಮಗೆ ಸಂಕೋಚವೇ ಆಯಿತು. ನಾವು ಶಾಸ್ತ್ರಜ್ಞರಲ್ಲ. ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟು ರಸಾಯನಶಾಸ್ತ್ರವು ವಕೀಲಿಯ ಮೊದಲನೆಯ ವರ್ಷದಲ್ಲಿಯೇ ನಮ್ಮನ್ನು ಬಿಟ್ಟುಹೋಯಿತು. ಆದರೆ ವಕೀಲನ ಮೇಜಿನ ಮೇಲೆ ಜನರು ತಮ್ಮ ಮನೆಯ ಕಾಗದಪತ್ರಗಳನ್ನೆಲ್ಲ ತಂದು ಹರವುವುದುಂಟು. ಅಂತಹ ಒಂದು ಕಾಗದದ ಸಂಗತಿಯನ್ನು ಹೇಳಲಿಕ್ಕಾದರೂ ನಮಗೆ ಅಧಿಕಾರವಿದೆಯೆಂದುಕೊಂಡು ಒಪ್ಪಿಕೊಂಡೆವು.

ಕೆಲವು ವರ್ಷಗಳ ಹಿಂದೆ, ಹೊಲದ ವಾಟ್ನಿಯ ಖಟ್ಲೆಯ ಸಲುವಾಗಿ ವೃದ್ಧನಾದ ಒಬ್ಬ ರೈತನು ನಮ್ಮಲ್ಲಿಗೆ ಬಂದಿದ್ದನು. ಬೆನ್ನು ಬಾಗಿದ್ದಿತು, ಕುತ್ತಿಗೆಯನ್ನು ಹೊರಳಿಸುವುದಾಗದೆ ಇಡಿಯ ಮೈಯನ್ನೇ ಹೊರಳಿಸಿ ಮಾತನಾಡುತ್ತಿದ್ದನು. ವಯಸ್ಸಿನ ದೋಷವೆಂದು ನಾವು ತಿಳಿದೆವು. ಉತಾರ, ಖರೀದಿಪತ್ರಗಳ ನಡುವೆ ಅವನು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯನ್ನು ಬಹಳ ಜೋಪಾನವಾಗಿ ಮಡಿಚಿಟ್ಟಿದ್ದನು. ಅದು ಭೂಮಿಯನ್ನು ಕಸಿದುಕೊಳ್ಳುವ ನೋಟೀಸೇ ಇರಬೇಕೆಂದು ಎರಡು ವರ್ಷ ಯಾರಿಗೂ ತೋರಿಸದೆ ಅಂಜಿಕೊಂಡಿದ್ದನಂತೆ. ಬಿಚ್ಚಿ ನೋಡಿದರೆ, ಅದು ಅವನ ಕೊಳವೆಬಾವಿಯ ನೀರಿನ ಪರೀಕ್ಷೆಯ ಫಲ! ಕಚೇರಿಯವರು ಬಂದು ನೀರನ್ನು ಒಯ್ದಿದ್ದರು, ಪರೀಕ್ಷಿಸಿದ್ದರು, ನಿಯಮದ ಪ್ರಕಾರ ಹಾಳೆಯನ್ನು ಕಳಿಸಿಯೂ ಇದ್ದರು. ಅವರ ಕಡತದ ಮಟ್ಟಿಗೆ ಕೆಲಸವು ಮುಗಿದಿತ್ತು.

ಆ ಹಾಳೆಯ ಅಂಕಿಗಳು ನಮಗೂ ಅರ್ಥವಾಗಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಪರಿಚಯದ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರಿಗೆ ತೋರಿಸಿದೆವು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು, ಈ ನೀರಿನಲ್ಲಿ ಫ್ಲೋರೈಡು ಮಿತಿಗಿಂತ ಇಮ್ಮಡಿಗೂ ಹೆಚ್ಚಿದೆ, ಮಕ್ಕಳಿಗೆ ಇದನ್ನು ಕುಡಿಸಲೇಬಾರದು ಎಂದರು. ನಾವು ಇದನ್ನು ರೈತನಿಗೆ ತಿಳಿಯಹೇಳಿದಾಗ ಅವನು ಸ್ವಲ್ಪಹೊತ್ತು ಸುಮ್ಮನಿದ್ದು, "ವಕೀಲ ಸಾಹೇಬ್ರ, ಎರಡು ವರ್ಷದ ಹಿಂದ ಯಾರರೆ ಇದನ್ನ ಓದಿ ಹೇಳಿದ್ದರ ನಮ್ಮ ಮೊಮ್ಮಗಳ ಹಲ್ಲು ಹಿಂಗ ಆಗತಿರಲಿಲ್ಲೇನ್ರಿ?" ಎಂದು ಕೇಳಿದನು. ಎದುರುಪಕ್ಷದ ವಕೀಲರ ಪ್ರಶ್ನೆಗಳಿಗೆ ಉತ್ತರ ಹುಡುಕಿ ಬದುಕುವ ನಮಗೆ ಆ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ.

ವಿಚಾರಮಾಡಿರಿ. ಇಲ್ಲಿ ಶಾಸ್ತ್ರಕ್ಕೇನು ಕೊರತೆಯಿದ್ದಿತು? ಫ್ಲೋರೈಡಿನ ನೀರು ಎಲುಬು ಹಲ್ಲುಗಳನ್ನು ಕೆಡಿಸುತ್ತದೆಂಬ ಸಂಗತಿಯು ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ರೋಗಿಗಳ ಪರೀಕ್ಷೆಯಿಂದ 1937ರಲ್ಲಿಯೇ ಪ್ರಕಟವಾಗಿದೆ. ನಮ್ಮ ಮುಂಡರಗಿ, ಅತ್ತ ಪಾವಗಡ ಮುಂತಾದ ತಾಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಈ ದೋಷವಿದೆಯೆಂಬುದನ್ನೂ ಬಲ್ಲವರು ಬಲ್ಲರು. ಹಣವಿದ್ದಿತು, ಪ್ರಯೋಗಶಾಲೆಯಿದ್ದಿತು, ನೌಕರರಿದ್ದರು. ಇಲ್ಲದ್ದು ಒಂದೇ: ಆ ಹಾಳೆಯನ್ನು ಹಿಡಿದು ಅವನ ಕಟ್ಟೆಯ ಮೇಲೆ ಕುಳಿತು, ಅವನ ಮಾತಿನಲ್ಲಿ, ಅದರ ಅರ್ಥವನ್ನು ಹೇಳುವ ಒಬ್ಬ ಮನುಷ್ಯನು. ಆ ಮನುಷ್ಯನನ್ನು ಒದಗಿಸುವುದಕ್ಕಾಗಿಯೇ ಇಂದು ನೀವು ಈ ಸಂಘವನ್ನು ಕಟ್ಟಿರುವಿರೆಂದು ನಾವು ನಂಬಿದ್ದೇವೆ.

ಇಂತಹ ಪ್ರಯತ್ನವು ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಮಿತ್ರರೊಡನೆ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿ, 1918ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದ ಕೈಯೇ ಭೌತಶಾಸ್ತ್ರಕ್ಕೂ ಕನ್ನಡದ ಉಡುಗೆಯನ್ನು ಹೊಲಿಯಿತು. ಪತ್ರಿಕೆಯು ಎರಡು ವರ್ಷ ನಡೆದು ನಿಂತುಹೋಯಿತೆಂಬುದು ಶೋಚನೀಯವೇ ಸರಿ. ಆದರೆ ಶಾಸ್ತ್ರವಿಚಾರಕ್ಕೆ ಕನ್ನಡವು ಸಾಲದೆಂದು ಮೂಗು ಮುರಿಯುವವರ ಬಾಯಿಗೆ ಅದು ಆಗಲೇ ಬೀಗ ಹಾಕಿತ್ತು. ಈಗಲೂ ಹಾಗೆ ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ಅವರೊಡನೆ ವಾದಿಸುವುದರಲ್ಲಿ ಈ ಹೊತ್ತನ್ನು ಕಳೆಯಲಾರೆವು.

ಮುಂದೆ 1962ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದುವು. ಒಂದು ಬೆಂಗಳೂರಿನಲ್ಲಿ, ಒಂದು ಕಲ್ಲಿಕೋಟೆಯಲ್ಲಿ. ಈ ಎರಡರ ನಡೆಯನ್ನು ಜೋಡಿಸಿ ನೋಡುವುದರಿಂದ ನಮಗೆ ಬಹಳ ಕಲಿಯಲಿಕ್ಕಿದೆ.

ಬೆಂಗಳೂರಿನದು ಡಾಕ್ಟರ್ ಹೆಚ್. ನರಸಿಂಹಯ್ಯನವರು ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ. 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡು, ಅಮೇರಿಕೆಗೆ ಹೋಗಿ ಪರಮಾಣುಗರ್ಭದ ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು ಮರಳಿ ಬಂದ ಆ ಬ್ರಹ್ಮಚಾರಿಯು, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ವಾಸಿಸುತ್ತ, ಬಸವನಗುಡಿಯ ನ್ಯಾಶನಲ್ ಕಾಲೇಜಿನಲ್ಲಿ ಬುಧವಾರದ ಸಂಜೆಗೊಂದು ಶಾಸ್ತ್ರೀಯ ಉಪನ್ಯಾಸವೆಂಬ ವ್ರತವನ್ನು ಆರಂಭಿಸಿದರು. ಟಿಕೀಟಿಲ್ಲ, ಚೀಟಿಯಿಲ್ಲ, ಬಂದವರೆಲ್ಲರಿಗೂ ಬಾಗಿಲು ತೆರೆದದ್ದು. ದೊಡ್ಡ ಪ್ರಯೋಗಶಾಲೆಗಳ ವಿಜ್ಞಾನಿಗಳು ಬೆಂಚುಗಳ ಮುಂದೆ ನಿಂತು ಮಾತನಾಡಿದರು, ಊರವರು ಪ್ರಶ್ನೆ ಕೇಳಿದರು. ಆದರೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಉಪನ್ಯಾಸಕ್ಕೆ ಬರತಕ್ಕವನು, ಬರಬೇಕೆಂಬ ಆಸೆಯನ್ನೂ ಬರುವಷ್ಟು ಬಿಡುವನ್ನೂ ಮೊದಲೇ ಉಳ್ಳವನು. ನಮ್ಮ ಮುದುಕನು ಆ ಬೆಂಚಿನ ಮೇಲೆ ಎಂದಿಗೂ ಕುಳಿತುಕೊಳ್ಳಲಾರನು.

ಕಲ್ಲಿಕೋಟೆಯದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು. ಹೆಸರೇ ತಿಳಿಸುವಂತೆ, ಅದು ಹುಟ್ಟಿದ್ದು ಮಲೆಯಾಳದಲ್ಲಿ ಶಾಸ್ತ್ರಸಾಹಿತ್ಯವನ್ನು ಬರೆಯುವವರ ಕೂಟವಾಗಿ. ಬರಬರುತ್ತ ಅವರಿಗೆ, ಬರೆದದ್ದು ಓದುವವನನ್ನು ಮಾತ್ರ ಮುಟ್ಟುತ್ತದೆಂಬ ಸತ್ಯವು ಹೊಳೆಯಿತು. ಅಂದಬಳಿಕ ಅವರು ಹಳ್ಳಿಹಳ್ಳಿಗೆ ಹೊರಟರು. ಬೀದಿನಾಟಕ ಕಟ್ಟಿದರು, ಹಾಡು ಕಟ್ಟಿದರು, ಸೌದೆ ಉಳಿಸುವ ಒಲೆಗಳನ್ನು ಹಾಕಿಕೊಟ್ಟರು. ಪಾಲಕ್ಕಾಡು ಜಿಲ್ಲೆಯ ಮೌನಕಣಿವೆಯಲ್ಲಿ, ಸಿಂಗಳೀಕಗಳು ವಾಸಿಸುವ ಕಾಡನ್ನು ಮುಳುಗಿಸಿ ಕುಂತಿಹೊಳೆಗೆ ವಿದ್ಯುತ್ತಿನ ಅಣೆಕಟ್ಟು ಕಟ್ಟುವ ಯೋಜನೆ ಹೊರಟಾಗ, ಪರಿಷತ್ತಿನವರು ಬರಿಯ ಕೂಗನ್ನು ಹಾಕಲಿಲ್ಲ. ಸಸ್ಯಶಾಸ್ತ್ರ, ಇಂಜಿನಿಯರಿಂಗು, ಅರ್ಥಶಾಸ್ತ್ರಗಳನ್ನು ಬಲ್ಲ ಅವರ ಸದಸ್ಯರು ಕೂಡಿ ಕುಳಿತು, ಯೋಜನೆಯ ಲಾಭಹಾನಿಗಳನ್ನು ಲೆಕ್ಕಹಾಕಿ 1979ರಲ್ಲಿ ಅಚ್ಚುಹಾಕಿಸಿದರು. ಯೋಜನೆಯು ಕೈಬಿಟ್ಟುಹೋಯಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಎರ್ನಾಕುಲಂ ಜಿಲ್ಲೆಯಲ್ಲಿ ಸರಕಾರದೊಡನೆ ಕೈಜೋಡಿಸಿ ಇವರು ನಡೆಸಿದ ಅಕ್ಷರಾಂದೋಲನದಲ್ಲಿ ಸುಮಾರು 20,000 ಸ್ವಯಂಸೇವಕರು ದುಡಿದು, 1990ರ ಫೆಬ್ರವರಿಯಲ್ಲಿ ಅದು ಪೂರ್ಣ ಸಾಕ್ಷರ ಜಿಲ್ಲೆಯೆಂದು ಸಾರಲ್ಪಟ್ಟಿತು. ಈ ಸ್ವಯಂಸೇವಕರಿಗೆ ಸಂಬಳವಿರಲಿಲ್ಲವೆಂಬುದನ್ನು ಸಂಘಕ್ಕೆ ಭತ್ಯೆ ಎಷ್ಟು ಸಿಕ್ಕೀತೆಂದು ಈಗಾಗಲೇ ವಿಚಾರಿಸಿದ ತರುಣ ಮಿತ್ರರ ಗಮನಕ್ಕೆ ತರುತ್ತೇವೆ.

ಹಾಗಾದರೆ ಹಳ್ಳಿಗೆ ಹೊರಟರೆ ಸಾಕೇ? ಅಷ್ಟೂ ಸಾಲದು. ಇದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಜನರು ಇಂದಿಗೂ ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯ ಮೇಲೆ ನಿಂತ ಆ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರೆಂಬ ಪ್ರಾಧ್ಯಾಪಕರಿದ್ದರು. ವಿದ್ಯುದ್ರಸಾಯನದಲ್ಲಿ ಪ್ರಪಂಚಕ್ಕೆಲ್ಲ ಗೊತ್ತಾದ ಗ್ರಂಥದ ಕರ್ತೃಗಳಲ್ಲಿ ಒಬ್ಬರು. ಅವರಿಗೆ, ತಮ್ಮ ವಿದ್ಯೆಯಿಂದ ಸುತ್ತಲಿನ ಹಳ್ಳಿಗಾದ ಉಪಕಾರವೇನೆಂಬ ಪ್ರಶ್ನೆಯು ಕಾಡಹತ್ತಿ, 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೋಪಯೋಗಿ ವಿಜ್ಞಾನದ ಶಾಖೆಯನ್ನು ತೆರೆದರು. ಹೊಗೆ ಕಡಿಮೆಯಾಗುವ 'ಅಸ್ತ್ರ ಒಲೆ'ಯ ಹೆಸರನ್ನು ನಿಮ್ಮಲ್ಲಿ ಹಿರಿಯ ತಾಯಂದಿರು ಕೇಳಿರಬಹುದು. ಅದು ಇವರದೇ ಕೊಡುಗೆ.

ಇವರು ಕುಣಿಗಲ್ ತಾಲೂಕಿನ ಪುರವೆಂಬ ಹಳ್ಳಿಯಲ್ಲಿ ಇಡಿಯ ಊರಿಗೆ ಒಂದೇ ಸೆಗಣಿಅನಿಲದ ಸ್ಥಾವರವನ್ನು ಕಟ್ಟಿದರು. ಊರಲ್ಲಿ ಐನೂರರ ಸುಮಾರಿಗೆ ಜನ, ಅದರ ಅರ್ಧದಷ್ಟು ದನ. ಎಲ್ಲರ ಹಟ್ಟಿಯ ಸೆಗಣಿಯೂ ಕೂಡಿದರೆ ಎಲ್ಲರ ಒಲೆಗೂ ಅನಿಲ ದೊರೆತು, ಹೆಂಗಸರಿಗೆ ಸೌದೆಯ ಕಷ್ಟ ತಪ್ಪುವುದೆಂಬುದು ಅವರ ಸದುದ್ದೇಶ. ಆದರೆ ಅನಿಲವು ಊರಿನ ಅಡಿಗೆಗೆ ಸಾಲದಾಯಿತು. ಜನರ ಉತ್ಸಾಹವೂ ಇಳಿಯಿತು. ಇಂತಹ ಸಮಯದಲ್ಲಿ ಸಾಮಾನ್ಯವಾಗಿ ಏನಾಗುತ್ತದೆಂಬುದು ನಿಮಗೆ ಗೊತ್ತಿದೆ. ಜನರು ಮೂಢರೆಂದು ವರದಿ ಬರೆದು, ಬೀಗ ಹಾಕಿ ಹೋಗಿಬಿಡುತ್ತಾರೆ. ಇವರು ಹಾಗೆ ಮಾಡಲಿಲ್ಲ. ಊರವರ ಮಾತಿಗೆ ಕಿವಿಗೊಟ್ಟರು. ಊರವರಿಗೆ ಮೊದಲು ಬೇಕಾದದ್ದು ಒಲೆಯ ಅನಿಲವಾಗಿರಲಿಲ್ಲ. ಕುಡಿಯುವ ಶುದ್ಧ ನೀರು!

ಯೋಜನೆಯನ್ನೇ ತಿರುಗಿಸಿದರು. ಅದೇ ಅನಿಲದಿಂದ ಯಂತ್ರವನ್ನೋಡಿಸಿ, ವಿದ್ಯುತ್ತನ್ನು ಹುಟ್ಟಿಸಿ, ಕೊಳವೆಬಾವಿಯ ನೀರನ್ನೆತ್ತಿ ನಳಗಳಿಗೆ ಹರಿಸಿದರು. ಮನೆಗಳಿಗೆ ದೀಪವನ್ನೂ ಕೊಟ್ಟರು. ಇದು 1987ರ ಮಾತು. ಸೆಗಣಿಯನ್ನು ತೂಗಿ ತೆಗೆದುಕೊಳ್ಳುವುದು, ತಂದವರಿಗೆ ಹಣ ಕೊಡುವುದು, ಉಳಿದ ಬಗ್ಗಡವನ್ನು ಗೊಬ್ಬರಕ್ಕಾಗಿ ಅವರವರಿಗೇ ಮರಳಿಸುವುದು, ಯಂತ್ರವನ್ನು ಊರ ಹುಡುಗರೇ ನೋಡಿಕೊಳ್ಳುವುದು: ಹೀಗೆ ಅದು ಅನೇಕ ವರ್ಷ ನಡೆಯಿತು. ಸ್ಥಾವರ ಅದೇ, ಸೆಗಣಿ ಅದೇ, ಶಾಸ್ತ್ರಜ್ಞರೂ ಅವರೇ. ಬದಲಾದದ್ದು, ಬೇಕಾದದ್ದೇನೆಂದು ನಿಶ್ಚಯಿಸುವವರು ಯಾರೆಂಬುದೊಂದೇ. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ತಮ್ಮ ಎಣಿಕೆ ಎಲ್ಲಿ ತಪ್ಪಿತೆಂಬುದನ್ನು ತಾವೇ ಬರೆದು ಪ್ರಕಟಿಸಿದ ಪಂಡಿತರು ನಮ್ಮಲ್ಲಿ ವಿರಳ. ಆದುದರಿಂದ ಈ ಸಭೆಯಲ್ಲಿ ಅವರ ಹೆಸರನ್ನು ಗೌರವದಿಂದ ನೆನೆಯುತ್ತೇವೆ.

ಇನ್ನು ನಮ್ಮ ಊರಿಗೆ ಬರೋಣ. ಸಂಘದ ಪಟ್ಟಿಯನ್ನು ನೋಡಿದೆವು. ಕಾಲೇಜಿನ ಅಧ್ಯಾಪಕರಿದ್ದಾರೆ, ಪಶುವೈದ್ಯರಿದ್ದಾರೆ, ನಿವೃತ್ತರಾದ ಕೃಷಿವಿಜ್ಞಾನಿಗಳಿದ್ದಾರೆ, ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿರುವ ಈ ಊರಿನ ಮಕ್ಕಳು ರಜೆಯಲ್ಲಿ ಬಂದು ದುಡಿಯುವೆವೆಂದು ಬರೆದಿದ್ದಾರೆ. ಸಂತೋಷ. ಆದರೆ ಮೊದಲನೆಯ ವರ್ಷದ ಕಾರ್ಯಕ್ರಮವೆಂದು ಹನ್ನೆರಡು ತಿಂಗಳಿಗೆ ಹನ್ನೆರಡು ಉಪನ್ಯಾಸಗಳನ್ನು ಗೊತ್ತುಮಾಡಿರುವುದನ್ನು ಕಂಡು ನಮಗೆ ಸ್ವಲ್ಪ ಖೇದವಾಯಿತು. ಚಾಲಕರು ಸಿಟ್ಟಾಗಬಾರದು. ನಕ್ಷತ್ರಗಳ ಉಪನ್ಯಾಸವು ಮುಂದಿನ ವರ್ಷವೂ ಆದೀತು; ನಕ್ಷತ್ರಗಳು ಎಲ್ಲಿಗೂ ಹೋಗುವುದಿಲ್ಲ. ಈ ವರ್ಷ ಬಾವಿಗಳನ್ನು ಪರೀಕ್ಷಿಸಿರಿ.

ಕಾರಣವಿಷ್ಟೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಗೊತ್ತಾಗುವ ರುಚಿಯಿಲ್ಲ. ಲೀಟರಿಗೆ ಒಂದು ಮಿಲಿಗ್ರಾಮಿನ ವರೆಗೆ ಒಳ್ಳೆಯದು. ಬೇರೆ ನೀರೇ ಇಲ್ಲದಲ್ಲಿ ಒಂದೂವರೆಯ ವರೆಗೆ ಸಹಿಸಬಹುದು. ಅದಕ್ಕೆ ಮೀರಿದ್ದು ಕುಡಿಯತಕ್ಕದ್ದಲ್ಲ. ಎಂಟು ವರ್ಷದೊಳಗಿನ ಮಕ್ಕಳಲ್ಲಿ, ಹಲ್ಲು ಒಳಗೆ ರೂಪುಗೊಳ್ಳುವ ಕಾಲದಲ್ಲಿಯೇ ಅದು ಕೆಡಿಸುತ್ತದೆ. ದೊಡ್ಡವರಲ್ಲಿ ಅನೇಕ ವರ್ಷಗಳ ಮೇಲೆ ಎಲುಬು ಕೀಲುಗಳನ್ನು ಬಿಗಿಯುತ್ತದೆ. ನೀರನ್ನು ಕುದಿಸಿದರೆ ದೋಷವು ಹೋಗುತ್ತದೆಂದು ನಮ್ಮ ತಾಯಂದಿರು ನಂಬಿದ್ದಾರೆ. ಇತರ ರೋಗಗಳಿಗೆ ಅದು ನಿಜ. ಇಲ್ಲಿ ಅದು ವಿಪರೀತ. ಕುದಿಸಿದಷ್ಟೂ ನೀರು ಆವಿಯಾಗಿ ಹೋಗಿ, ಉಳಿದದ್ದರಲ್ಲಿ ಫ್ಲೋರೈಡು ಗಟ್ಟಿಯಾಗುತ್ತದೆ. ಮಳೆಯ ನೀರಿನಲ್ಲಿ ಇದು ಇಲ್ಲವೆಂಬಷ್ಟು ಕಡಿಮೆ. ಶುದ್ಧ ನೀರಿನ ಘಟಕವಿದೆಯಲ್ಲವೇ ಎನ್ನುವಿರಿ. ಇದೆ, ಅದು ಕೆಟ್ಟು ನಿಂತ ದಿನ ನೀವು ಯಾವ ಬಾವಿಗೆ ಹೋಗುವಿರೆಂಬುದೇ ಪ್ರಶ್ನೆ. ಪರೀಕ್ಷೆಯೋ ಕಠಿನವಲ್ಲ. ನೀರಿಗೆ ಔಷಧದ ಹನಿಗಳನ್ನು ಹಾಕಿದರೆ ಕೆಂಪು ಛಾಯೆಯು ಹಳದಿಗೆ ತಿರುಗುವ ಕಿಟ್ಟುಗಳಿವೆ. ಹೈಸ್ಕೂಲಿನ ಮಕ್ಕಳೂ ಮಾಡಬಲ್ಲರು. ಸಂಶಯ ಬಂದದ್ದನ್ನು ಪ್ರಯೋಗಶಾಲೆಗೆ ಕಳಿಸಿ ನಿಶ್ಚಯಿಸತಕ್ಕದ್ದು.

ವಕೀಲರಾಗಿ ಒಂದು ಎಚ್ಚರಿಕೆಯನ್ನೂ ಹೇಳುವೆವು. ಬಾವಿಯೊಂದು ಕೆಟ್ಟದ್ದೆಂದು ಸಾರಿದ ದಿನವೇ ನಿಮಗೆ ವೈರಿಗಳು ಹುಟ್ಟುವರು. ಪ್ಲಾಟು ಮಾರುವವನು ಸಿಟ್ಟಾದಾನು, ನೀರು ಮಾರುವವನು ಸಿಟ್ಟಾದಾನು. ನಮ್ಮ ಓಣಿಯ ಹೆಸರು ಕೆಟ್ಟರೆ ಹೆಣ್ಣು ಕೊಡುವವರಾರೆಂದು ಸಾತ್ವಿಕರೂ ಗೊಣಗಿಯಾರು. ಆದಕಾರಣ ಪ್ರತಿಯೊಂದು ಮಾದರಿಗೂ ದಿನಾಂಕ, ಸ್ಥಳ, ತೆಗೆದವರ ಸಹಿ, ನೋಡಿದ ಇಬ್ಬರ ಸಾಕ್ಷಿ ಇರಲಿ. ಒಂದೇ ಬಾವಿಯನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ಮೇಲೊಮ್ಮೆ ನೋಡಿರಿ. ಫಲವನ್ನು ಕನ್ನಡದಲ್ಲಿ ಬರೆದು, ಬಾವಿಯ ಮಗ್ಗುಲಲ್ಲಿಯೇ ನಿಂತು ಓದಿಹೇಳಿರಿ. ಅಂಚೆಯಲ್ಲಿ ಕಳಿಸಬೇಡಿರಿ! ನೋಟೀಸು ಗೀಟೀಸು ಬಂದರೆ ನಮ್ಮಲ್ಲಿಗೆ ತನ್ನಿರಿ. ಆ ಕೆಲಸಕ್ಕೆ ನಾವು ಸಂಘದಿಂದ ಫೀ ತೆಗೆದುಕೊಳ್ಳುವುದಿಲ್ಲ.

ಬಾವಿಯ ಬಳಿಗೆ ಹೋದಾಗ ಅಲ್ಲಿಯವರು ಫ್ಲೋರೈಡಿನ ಮಾತನ್ನು ಬಿಟ್ಟು ಮತ್ತೇನನ್ನಾದರೂ ಹೇಳಹತ್ತಿದರೆ, ಕುರಿಗಳ ಸಾವನ್ನೋ ಸವಳಾಗುತ್ತಿರುವ ಹೊಲವನ್ನೋ, ತಡೆಯಬೇಡಿರಿ. ಅದನ್ನೂ ವಹಿಯಲ್ಲಿ ಬರೆದುಕೊಳ್ಳಿರಿ. ಮುಂದಿನ ವರ್ಷದ ಕಾರ್ಯಕ್ರಮವು ಆ ವಹಿಯಿಂದಲೇ ಹೊರಡಲಿ.

ಆ ರೈತನು ಈಗಿಲ್ಲ. ಅವನ ಮೊಮ್ಮಗಳು ನಿಮ್ಮ ಸ್ವಯಂಸೇವಕಿಯರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾಳೆಂದು ಬಾಗಿಲಲ್ಲಿ ಈಗಷ್ಟೇ ತಿಳಿಯಿತು. ಹೆಸರನ್ನು ಹೇಳಿ ಅವಳನ್ನು ನಾಚಿಸುವುದಿಲ್ಲ. ತೊಳೆದ ಬಾಟಲಿಗಳು ಸಭಾಮಂಟಪದ ಬಲಗಡೆಯ ಮೇಜಿನ ಮೇಲಿವೆ. ಓಣಿಗೊಬ್ಬರಂತೆ ಸಹಿಮಾಡಿ ಒಯ್ಯಿರಿ.