ಬೆನ್ನ ಮೇಲಿನ ಸೂರು: ಕಂಬಳಿಯೋ, ಡೇರೆಯೋ?



ಆನೆಗೊಂದಿಯ ಬೆಟ್ಟಗಳಲ್ಲಿ ಒಬ್ಬಂಟಿಯಾಗಿ ತಿರುಗುವ ಚಾರಣಿಗನಿಗೆ ಕತ್ತಲಾದೊಡನೆ ಏಳುವ ಪ್ರಶ್ನೆ ಒಂದೇ: ಇರುಳು ಕಳೆಯಲು ಆಸರೆ ಯಾವುದು? ಪ್ರಶ್ನೆ ಹೊಸದೇನಲ್ಲ. ಇಲ್ಲಿನ ಒನಕೆ ಕಿಂಡಿಯ ಬಂಡೆಗಳಲ್ಲಿ ಆದಿಮಾನವರು ಬರೆದ ಚಿತ್ರಗಳು ಇಂದಿಗೂ ಉಳಿದಿವೆ. ಮುಂದೆ ಕುಷ್ಟಗಿ, ಯಲಬುರ್ಗಾ ಸೀಮೆಯ ಕುರಿಗಾಹಿಗಳು ತಮ್ಮ ಸೂರನ್ನು ಹೆಗಲ ಮೇಲೇ ಹೊತ್ತು ನಡೆದರು. ಅದೇ ಕಂಬಳಿ.

ಡೆಕ್ಕನಿ ಕುರಿಯ ಒರಟು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಕಂಬಳಿ ನೇಯುತ್ತಾರೆ. ಬಿಗಿಯಾದ ಈ ನೇಯ್ಗೆಯೊಳಗೆ ಮಳೆಹನಿ ಬೇಗ ಇಳಿಯದು. ಮಡಿಸಿ ತಲೆಗೆ ಹಾಕಿದರೆ ಕೊಪ್ಪೆ, ನೆಲಕ್ಕೆ ಹಾಸಿದರೆ ಹಾಸಿಗೆ, ಮೈಮೇಲೆ ಎಳೆದುಕೊಂಡರೆ ಹೊದಿಕೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಮೈಗೆ ಹಸಿಯೆನಿಸುವುದಿಲ್ಲ. ಹೊಲದಲ್ಲಿ ಕುರಿ ತರುಬಿ ರಾತ್ರಿ ಕಾಯುವವನಿಗೆ ಇನ್ನೊಂದು ಅನುಕೂಲವೂ ಉಂಟು: ಮರೆಯಿಲ್ಲದ್ದರಿಂದ ತೋಳದ ಸುಳಿವು ಬೇಗ ಸಿಗುತ್ತದೆ.

ಇಂದಿನ ಒಬ್ಬರ ಡೇರೆ ಲೇಪವಿರುವ ನೈಲಾನಿನದು. ತೂಕ ಒಂದು ಕಿಲೋ ಆಸುಪಾಸು. ಜಡಿಮಳೆಯಲ್ಲಿ ಕಂಬಳಿ ನೆನೆದು ಭಾರವಾದರೆ, ಡೇರೆ ಒಳಗಿರುವವನನ್ನು ಕಾಯುತ್ತದೆ. ಚೇಳು, ಸೊಳ್ಳೆಗಳಿಗೂ ತಡೆಯಾಗುತ್ತದೆ. ಆದರೆ ಒಂದೇ ಪದರದ ಡೇರೆಯಲ್ಲಿ ಉಸಿರಿನ ಆವಿ ಒಳಗೇ ಹನಿಗಟ್ಟುತ್ತದೆ. ಜಾಲರಿಯ ಒಳಪದರವಿದ್ದರೆ ಮೇಲು. ಗೂಟವನ್ನೇ ನಂಬಿದ ಡೇರೆ ಹಾಸುಬಂಡೆಯ ಮೇಲೆ ನಿಲ್ಲದು. ತನ್ನ ಕಡ್ಡಿಗಳ ಮೇಲೇ ನಿಲ್ಲುವಂಥದ್ದನ್ನು ಆರಿಸಿ, ಹಗ್ಗಗಳನ್ನು ಕಲ್ಲಿಗೆ ಬಿಗಿಯಬೇಕು.

ಯಾವುದನ್ನೇ ಆರಿಸಲಿ, ತಂಗುವ ಜಾಗ ಮುಖ್ಯ. ಕರಡಿ, ಚಿರತೆಗಳು ಸೇರುವ ಗವಿ, ಅಣೆಕಟ್ಟೆಯ ನೀರು ಬಿಟ್ಟಾಗ ಉಕ್ಕುವ ತುಂಗಭದ್ರೆಯ ದಂಡೆ, ಸ್ಮಾರಕಗಳ ಅಂಗಳ ಇವು ಮೂರೂ ಬೇಡ. ಊರ ಸಮೀಪ, ಹೊಲದವರ ಅಪ್ಪಣೆ ಪಡೆದು ತಂಗುವುದೇ ಲೇಸು.

ಹಾಗಾದರೆ ಹಗುರ ಯಾವುದು? ತಕ್ಕಡಿಯೊಂದೇ ಉತ್ತರ ಹೇಳಲಾರದು. ಡೇರೆಗೆ ಹಾಸಿಗೆ, ಹೊದಿಕೆ, ಮಳೆಕೋಟು ಸೇರಿದರೆ ಹೊರೆ ಬೆಳೆಯುತ್ತದೆ. ಕಂಬಳಿ ಒಂದೇ ಈ ಮೂರೂ ಕೆಲಸ ಮಾಡುತ್ತದೆ. ಮಳೆಗಾಲಕ್ಕೆ ಡೇರೆ ಬೇಕು. ಮಳೆಯಿಲ್ಲದ ಚಳಿಗಾಲಕ್ಕೆ ಕಂಬಳಿ ಮತ್ತು ಸೊಳ್ಳೆಪರದೆ ಸಾಕು.

ಆದರೆ ಕಂಬಳಿ ಮುಂದೆಯೂ ಸಿಗುತ್ತದೆಯೇ? ಒರಟು ಉಣ್ಣೆಗೆ ಬೆಲೆಯಿಲ್ಲ. ಮಾಂಸಕ್ಕಾಗಿ ಉಣ್ಣೆ ಕಡಿಮೆಯಿರುವ ತಳಿಗಳು ಬಂದಿವೆ. ಕುರಿಗಾಹಿಯ ತಲೆಯ ಮೇಲೂ ಈಗ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಊರೂರು ಸುತ್ತುವ ಚಾರಣಿಗ ಒಂದು ಕಂಬಳಿ ಕೊಂಡರೆ, ಅವನಿಗೆ ಸೂರು ಸಿಗುತ್ತದೆ, ಮಗ್ಗಕ್ಕೆ ಕೆಲಸ ಸಿಗುತ್ತದೆ.